ಕಬೋರ್ಡ್ ಹಳದಿಯಾಯಿತೇ? ಒಗ್ಗರಣೆಯನ್ನು ಬೈಯಬೇಡಿ

ಗೃಹಪ್ರವೇಶದ ದಿನ ಬೆಳ್ಳಗೆ ಹೊಳೆಯುತ್ತಿದ್ದ ಮಾಡ್ಯುಲರ್ ಕಿಚನ್ ಎರಡನೇ ದೀಪಾವಳಿಯ ಹೊತ್ತಿಗೆ ಹಳೇ ಪೇಪರಿನ ಬಣ್ಣಕ್ಕೆ ತಿರುಗಿರುತ್ತದೆ. ಫೋನ್ ಮಾಡಿದರೆ ಇಂಟೀರಿಯರ್‌ನವರ ಉತ್ತರ ಸಿದ್ಧ: "ಮೇಡಂ, ನಿಮ್ಮನೇಲಿ ಒಗ್ಗರಣೆ ಜಾಸ್ತಿ." ಮೇಡಂ ಸುಮ್ಮನಾಗುತ್ತಾರೆ. ಕಾನೂನು ಮೇಡಂ ಕಡೆಗೇ ಇದೆ. ಆದರೆ ಬಣ್ಣ ಯಾಕೆ ಹೋಯಿತು ಎಂದು ಕೇಳಿದರೆ ಹೇಳಲು ಅವರ ಬಳಿ ಏನೂ ಇರುವುದಿಲ್ಲ. ಗೆಲುವು ಸೋಲು ತೀರ್ಮಾನವಾಗುವುದು ಆ ಒಂದು ಪ್ರಶ್ನೆಯಲ್ಲೇ.

1. ಮೊದಲು ಫೋಟೊ, ಆಮೇಲೆ ಬಟ್ಟೆ

ಕಲೆ ಕಂಡ ಕೂಡಲೇ ಉಜ್ಜಲು ಹೋಗಬೇಡಿ. ಹಗಲು ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಕೆಟ್ಟ ಬಾಗಿಲೂ ಚೆನ್ನಾಗಿರುವ ಬಾಗಿಲೂ ಒಟ್ಟಿಗೆ ಬರುವಂತೆ ಫೋಟೊ ತೆಗೆಯಿರಿ. ಪಕ್ಕದಲ್ಲೊಂದು ಬಿಳಿ ಹಾಳೆ ಹಿಡಿದರೆ ಹಳದಿ ಎಷ್ಟೆಂದು ಯಾರೂ ವಿವರಿಸಬೇಕಿಲ್ಲ. ಬ್ಲೀಚ್, ಆಸಿಡ್, ಸ್ಟೀಲ್ ಉಜ್ಜು ಮುಟ್ಟಿಸಿದಿರೋ, ಎದುರಿನವರಿಗೆ ನೆಪವನ್ನು ನೀವೇ ಕೈಗಿಟ್ಟಂತೆ.

2. ಕಾರಣವನ್ನು ಮನೆಯಲ್ಲೇ ಹುಡುಕಿ

ಇದಕ್ಕೆ ಒಂದು ಮಧ್ಯಾಹ್ನ ಸಾಕು, ಆದರೆ ಇಡೀ ಜಗಳದ ಬುಡ ಇದೇ. ಒಂದು ಮೂಲೆಯನ್ನು ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ. ಹಳದಿ ಬಟ್ಟೆಗೆ ಹತ್ತಿಕೊಂಡು ಬಂದರೆ ಅದು ಎಣ್ಣೆಯ ಜಿಡ್ಡು. ಇಂಟೀರಿಯರ್‌ನವರ ಮಾತು ನಿಜ, ಅಲ್ಲಿಗೆ ಬಿಡಿ. ಬರದಿದ್ದರೆ ಒಂದು ಬಾಗಿಲಿನ ಹಿಡಿಕೆ ಬಿಚ್ಚಿ ಅದರಡಿಯ ಜಾಗ ನೋಡಿ. ಬೆಳಕು, ಹೊಗೆ ಎರಡೂ ತಾಗದ ಆ ಜಾಗದಲ್ಲಿ ಸಾಮಾನ್ಯವಾಗಿ ಮೂಲ ಬಣ್ಣ ಉಳಿದಿರುತ್ತದೆ. "ಇದು ಮೊದಲಿಂದಲೂ ಐವರಿ ಶೇಡೇ" ಎಂಬ ವಾದ ಅಲ್ಲಿಗೆ ಮುಗಿಯಿತು. ಮುಂದೆ, ಒಲೆಯಿಂದ ದೂರವಿರುವ ಕ್ರಾಕರಿ ಯೂನಿಟ್ ನೋಡಿ. ಅಲ್ಲೂ ಹಳದಿಯಾಗಿದ್ದರೆ ಒಗ್ಗರಣೆ ನಿರಪರಾಧಿ.

ಸಾಮಗ್ರಿಯ ಗುಣವೂ ಗೊತ್ತಿರಲಿ. ಪಿಯು (ಪಾಲಿಯುರೆಥೇನ್) ಪೇಂಟಿನಲ್ಲಿ ಎರಡು ಬಗೆ. ಆರೊಮ್ಯಾಟಿಕ್ ಬಗೆಯದು ಬೆಳಕಿಗೆ ಹಳದಿಗಟ್ಟುತ್ತದೆ. ಅಲಿಫ್ಯಾಟಿಕ್ ಬಗೆಯದು ತಡೆದುಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಕಿಟಕಿಯ ಎದುರಿನ ಬಾಗಿಲುಗಳೇ ಹೆಚ್ಚು ಕೆಟ್ಟಿದ್ದರೆ ಸಂಶಯ ಮೊದಲನೆಯದರ ಮೇಲೆ. ಎಣ್ಣೆ ಆಧಾರಿತ ಬಿಳಿ ಎನಾಮೆಲ್‌ನದು ಉಲ್ಟಾ ಸ್ವಭಾವ: ಕತ್ತಲಿರುವ ಒಳಬದಿ ಬೇಗ ಹಳದಿ. ಪಿವಿಸಿ ಹಾಳೆ ಅಂಟಿಸಿದ ಮೆಂಬ್ರೇನ್ ಶಟರ್ ಒಲೆ, ಓವನ್‌ಗಳ ಶಾಖಕ್ಕೆ ಬಣ್ಣಗೆಟ್ಟು ಅಂಚಿನಿಂದ ಏಳುತ್ತದೆ. ಸಿಂಕ್ ಕೆಳಗೆ ಕಪ್ಪಾಗಿದ್ದರೆ ಅದು ತೇವ ಮತ್ತು ಬೂಸ್ಟು. ಮೊದಲು ಪೈಪ್ ನೋಡಿ, ಆಮೇಲೆ ಪ್ಲೈವುಡ್. ಇನ್ನು ಅರಿಶಿನದ ಕಲೆ ಬಿಸಿಲಿಗೆ ತಾನಾಗಿಯೇ ಮಾಸುತ್ತದೆ, ಅದಕ್ಕೆ ಕೇಸು ಹಾಕಲು ಹೋಗಬೇಡಿ.

3. ಕೊಟೇಶನ್ ತೆಗೆದು ಓದಿ

ಬಿಲ್ಲಿಗಿಂತ ಕೊಟೇಶನ್ನಿಗೆ ಬೆಲೆ ಹೆಚ್ಚು. ಏನು ಹಾಕಿಕೊಡುತ್ತೇವೆಂದು ಬರೆದದ್ದು ಅದರಲ್ಲೇ. 'ಮರೀನ್ ಪ್ಲೈ' ಎಂದು ಬರೆದು ಹಣ ಪಡೆದಿದ್ದರೆ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್. ಮೈಕಾ ಹಾಳೆಯ ಮಾನದಂಡ ಐಎಸ್ 2046. ಐಎಸ್‌ಐ ಗುರುತಿನ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಹೇಳಿದ್ದೊಂದು, ಹಾಕಿದ್ದೊಂದು ಎಂದು ಗೊತ್ತಾದರೆ ಬಣ್ಣದ ಜಗಳ ಹಿಂದೆ ಸರಿಯುತ್ತದೆ; ಅದು ಸೀದಾ ಅನುಚಿತ ವ್ಯಾಪಾರ ಪದ್ಧತಿ.

ಬಿಲ್ಲೇ ಕೊಟ್ಟಿಲ್ಲವೇ? ಕೇಳಿದರೂ ಬಿಲ್ ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ಪದ್ಧತಿಯೇ. ಯುಪಿಐ ಪಾವತಿ, ವಾಟ್ಸ್ಆ್ಯಪ್ ಮಾತುಕತೆ, ಡಿಸೈನ್ ಡ್ರಾಯಿಂಗ್ ಎಲ್ಲವನ್ನೂ ಒಂದೆಡೆ ಸೇರಿಸಿಡಿ.

4. ವಾರಂಟಿ ಕಾರ್ಡಿಗೆ ಹೆದರಬೇಡಿ

ದೊಡ್ಡಕ್ಷರದ 'ಹತ್ತು ವರ್ಷ' ಅನೇಕ ಸಲ ಗೆದ್ದಲಿಗೆ, ಪದರ ಬಿಡುವುದಕ್ಕೆ ಮಾತ್ರ. ಬಣ್ಣ ಮಾಸಿದರೆ ಅನ್ವಯಿಸದು ಎಂದು ಸಣ್ಣಕ್ಷರದಲ್ಲಿ ಇದ್ದೀತು. ಆದರೆ ಕೊಂಡವರ ಹಕ್ಕುಗಳೆಲ್ಲ ಆ ಕಾರ್ಡಿನೊಳಗೇ ಇಲ್ಲ. ಸರಕು ಯಾವ ಕೆಲಸಕ್ಕೆಂದು ತಿಳಿಸಿ, ಮಾರುವವರ ಜಾಣ್ಮೆಯನ್ನು ನಂಬಿ ಕೊಂಡಾಗ ಅದು ಆ ಕೆಲಸಕ್ಕೆ ತಕ್ಕಂತಿರಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆ. ಅಡುಗೆಮನೆಗೆಂದೇ ಅಳತೆ ತೆಗೆದು ಮಾಡಿಕೊಟ್ಟ ಕಬೋರ್ಡು ಅಡುಗೆಯ ಹಬೆಯನ್ನೇ ತಾಳದಿದ್ದರೆ ಇನ್ನೇನು ತಾಳಬೇಕು? ಈ ಒಂದು ವಾಕ್ಯವನ್ನು ನಿಮ್ಮ ದೂರಿನಲ್ಲಿ ತಪ್ಪದೆ ಬರೆಯಿರಿ.

5. ಫೋನು ಸಾಕು, ಬರಹ ಬೇಕು

ಇಮೇಲ್ ಕಳಿಸಿ: ಕೊಂಡ ದಿನಾಂಕ, ಕೊಟ್ಟ ಹಣ, ದೋಷ, ಫೋಟೊ, ನಿಮಗೆ ಬೇಕಾದ ಪರಿಹಾರ, 15 ದಿನದ ಗಡುವು. ಬಂದ ಮೇಸ್ತ್ರಿ "ಇಲ್ಲೊಂದು ಸೈನ್ ಹಾಕಿ" ಎಂದರೆ ಓದದೆ ಹಾಕಬೇಡಿ. ಜಾಬ್ ಶೀಟಿನಲ್ಲಿ 'ಗ್ರಾಹಕರಿಗೆ ತೃಪ್ತಿಯಿದೆ' ಎಂದು ಮೊದಲೇ ಅಚ್ಚಾಗಿರುವುದುಂಟು.

6. 1915ಕ್ಕೆ ಕರೆ ಮಾಡಿ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಿಮ್ಮ ದೂರನ್ನು ಕಂಪನಿಗೆ ದಾಟಿಸುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಹೆಸರು ಕೆಡಿಸಿಕೊಳ್ಳಲು ಇಷ್ಟವಿಲ್ಲದ ದೊಡ್ಡ ಕಂಪನಿಯಾದರೆ ಕೆಲಸ ಇಲ್ಲೇ ಆದೀತು.

7. ಬಿಲ್ಡರ್ ಕೊಟ್ಟ ಕಿಚನ್ ಆದರೆ ದಾರಿ ಬೇರೆ

ಫ್ಲಾಟಿನ ಕರಾರಿನಲ್ಲೇ ಕಬೋರ್ಡ್ ಸೇರಿತ್ತೇ? ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14(3)ನೇ ಕಲಂ ಗಮನಿಸಿ. ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕೆಲಸಗಾರಿಕೆಯ ಅಥವಾ ಗುಣಮಟ್ಟದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ ನೋಡಿ: ಮೇಲಿನ ಮನೆಯ ಕಬೋರ್ಡೂ ಹಳದಿಯಾಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

8. ಎರಡು ವರ್ಷ ದಾಟಲು ಬಿಡಬೇಡಿ

ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಹೋಗಬೇಕು. "ಮುಂದಿನ ವಾರ ಬರ್ತೀವಿ" ಎಂಬ ಮೆಸೇಜುಗಳಿಂದ ಈ ಅವಧಿ ಬೆಳೆಯುವುದಿಲ್ಲ; ಎಳೆದಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕಂಪನಿಯ ಹೆಡ್ ಆಫೀಸ್ ಮುಂಬೈಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 'ಇ-ಜಾಗೃತಿ' ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ.

ಕಣ್ಣಿಗೆ ಕಾಣದ ದೋಷವಾದರೆ ಆಯೋಗವೇ ಮಾದರಿಯನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಪರೀಕ್ಷೆಯ ಹಣ ಮೊದಲು ಕಟ್ಟಬೇಕಾದವರು ನೀವು. ಮಾದರಿಗೆ ಬಾಗಿಲೇ ಬೇಕು, ಆದ್ದರಿಂದ ಕೆಟ್ಟ ಬಾಗಿಲನ್ನು ಗುಜರಿಗೆ ಹಾಕಬೇಡಿ. ಪರೀಕ್ಷೆ ಬೇಕಿಲ್ಲದ ಪ್ರಕರಣ 3 ತಿಂಗಳಲ್ಲಿ, ಬೇಕಿದ್ದರೆ 5 ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ಆಶಯ ಮಾತ್ರ, ತಾಳ್ಮೆ ಕೈಯಲ್ಲಿರಲಿ.

ಹೋಟೆಲ್, ಕೇಟರಿಂಗ್ ಅಡುಗೆಮನೆಗೆ ಮಾಡಿಸಿದ್ದಾದರೆ 'ವಾಣಿಜ್ಯ ಉದ್ದೇಶ' ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ಹೊಟ್ಟೆಪಾಡಿಗೆ ಸ್ವಂತ ದುಡಿಮೆಯಿಂದ ನಡೆಸುವ ಸಣ್ಣ ಉದ್ಯಮಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ.

9. ರಾಜಿಯಾದರೂ ಶೇಡ್ ಕೋಡ್ ಬರೆಸಿಕೊಳ್ಳಿ

ಅರ್ಧ ದಾರಿಯಲ್ಲಿ ಕಂಪನಿ ರಾಜಿಗೆ ಬರುವುದು ಅಪರೂಪವೇನಲ್ಲ. ಆಯೋಗದಲ್ಲೇ ಮಧ್ಯಸ್ಥಿಕೆಗೂ ಅವಕಾಶವಿದೆ. "ಎರಡು ಶಟರ್ ಬದಲಾಯಿಸಿಕೊಡ್ತೀವಿ" ಎಂದರೆ ತಕ್ಷಣ ಹೂಂ ಅನ್ನಬೇಡಿ. ಹೊಸ ಬ್ಯಾಚಿನ ಬಿಳಿ ಬೇರೆ, ಎರಡು ವರ್ಷ ಹಳೆಯ ಬಿಳಿ ಬೇರೆ. ಪಕ್ಕಪಕ್ಕ ನಿಂತಾಗ ಎರಡೂ ಅಸಹ್ಯ. ಕಣ್ಣಿಗೆ ಒಟ್ಟಿಗೆ ಬೀಳುವ ಇಡೀ ಸಾಲನ್ನು ಬದಲಿಸಲು ಕೇಳಿ. ಬ್ರಾಂಡ್, ಶೇಡ್ ಕೋಡ್, ಪೇಂಟಿನ ಬಗೆ, ಕೆಲಸ ಮುಗಿಸುವ ತಾರೀಖು, ಹೊಸ ಬಾಗಿಲಿಗೆ ಹೊಸ ವಾರಂಟಿ ಎಲ್ಲವೂ ಸಹಿಯಾದ ಕಾಗದದಲ್ಲಿರಲಿ. ದೂರು ವಾಪಸ್ ತೆಗೆಯುವುದು ಬಾಗಿಲು ಕೂರಿಸಿ, ಹಗಲು ಬೆಳಕಿನಲ್ಲಿ ನೋಡಿದ ಮೇಲೆ.