ಕೌಂಟಿಯ ಕಪಾಟಿನಲ್ಲಿರುವ ವಿಚ್ಛೇದನ ಕಡತ: ಎಲ್ಲಿ ಹುಡುಕಬೇಕು, ಏನನ್ನು ಕೇಳಬೇಕು?

ಮದುವೆ ಹಾಸನದ ಕಲ್ಯಾಣ ಮಂಟಪದಲ್ಲಿ, ಸಂಸಾರ ಅಮೆರಿಕದ ಸಣ್ಣ ಊರೊಂದರಲ್ಲಿ, ವಿಚ್ಛೇದನ ಅಲ್ಲಿನ ಕೋರ್ಟಿನಲ್ಲಿ. ಕನ್ನಡದ ಕುಟುಂಬಗಳಿಗೆ ಇದು ಈಗ ಅಪರೂಪದ ಸಂಗತಿಯಲ್ಲ. ಎಲ್ಲರೂ ಡಲ್ಲಾಸ್, ಹ್ಯೂಸ್ಟನ್‌ಗಳಲ್ಲೇ ಇರುವುದೂ ಇಲ್ಲ. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ವಿನಾಯಿತಿ ಪಡೆಯಲು, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡುವುದುಂಟು. ಅಂಥ ಪ್ರದೇಶಗಳಲ್ಲಿ ಗ್ರಾಮೀಣ ಕೌಂಟಿಗಳು (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಗಳು) ಬಹಳ.

ವಿಚ್ಛೇದನವಾಗಿ ಹಲವು ವರ್ಷ ಕಳೆದ ಮೇಲೆ ಕಾಗದದ ಅಗತ್ಯ ಬೀಳುತ್ತದೆ. ಮರುಮದುವೆಯ ನೋಂದಣಿಗೆ, ಪಾಸ್‌ಪೋರ್ಟಿನಿಂದ ಹಳೆಯ ಸಂಗಾತಿಯ ಹೆಸರು ತೆಗೆಸಲು, ಹೊಸ ಸಂಗಾತಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಲು, ಆಸ್ತಿ ತಕರಾರಿಗೆ. ಆಗ ಕೈಯಲ್ಲಿರುವುದು ಮೊಬೈಲಿನಲ್ಲಿ ತೆಗೆದ ಡಿಕ್ರಿಯ ಫೋಟೋ ಮಾತ್ರ. ಅದು ಸಾಲದು. ಬರೀ ಡಿಕ್ರಿಯ ನಕಲು ತರಿಸಿಕೊಂಡರೂ ಭಾರತದಲ್ಲಿ ಅದು ಅರ್ಧ ಕೆಲಸ ಮಾತ್ರ. ಯಾಕೆಂಬುದನ್ನು ಮುಂದೆ ನೋಡೋಣ.

ಮೊದಲ ಪ್ರಶ್ನೆ: ಯಾವ ಕೌಂಟಿ?

ಅಮೆರಿಕದಲ್ಲಿ ವಿಚ್ಛೇದನ ರಾಜ್ಯದ ಕಾನೂನಿಗೆ ಸೇರಿದ್ದು. ಡಿಕ್ರಿಗಳನ್ನು ಒಂದೆಡೆ ಇಟ್ಟುಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಅಲ್ಲಿಲ್ಲ. ಮೂಲ ಕಡತ ಇರುವುದು ಅರ್ಜಿ ದಾಖಲಾದ ಕೌಂಟಿಯಲ್ಲಿ. ದೇಶದಲ್ಲಿ ಇಂಥ ಕೌಂಟಿಗಳು ಮೂರು ಸಾವಿರಕ್ಕೂ ಹೆಚ್ಚು.

ಮದುವೆ ಎಲ್ಲಾಯಿತು ಎಂಬುದು ಇಲ್ಲಿ ಮುಖ್ಯವಲ್ಲ, ಅರ್ಜಿ ಹಾಕಿದಾಗ ಗಂಡ ಅಥವಾ ಹೆಂಡತಿ ಎಲ್ಲಿ ವಾಸವಿದ್ದರು ಎಂಬುದೇ ಮುಖ್ಯ. ಟೆಕ್ಸಾಸ್ ರಾಜ್ಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ವಿಚ್ಛೇದನ ಕೇಳಲು ಇಬ್ಬರಲ್ಲಿ ಒಬ್ಬರು ರಾಜ್ಯದಲ್ಲಿ ಕನಿಷ್ಠ ಆರು ತಿಂಗಳು, ಆ ಕೌಂಟಿಯಲ್ಲಿ 90 ದಿನ ವಾಸವಿದ್ದಿರಬೇಕು. ಹಾಗಾಗಿ ಆ ಕಾಲದ ಮನೆ ಬಾಡಿಗೆ ಕರಾರು, ತೆರಿಗೆ ಕಾಗದ, ವಕೀಲರ ಪತ್ರಗಳನ್ನು ಮೊದಲು ಹುಡುಕಿ. ಊರಿನ ಹೆಸರು ನೋಡಿ ಕೌಂಟಿಯನ್ನು ಊಹಿಸಬೇಡಿ. ಒಂದೇ ಊರು ಎರಡು ಕೌಂಟಿಗಳಲ್ಲಿ ಹರಡಿರುವುದುಂಟು.

ಕೌಂಟಿ ಯಾವುದೆಂದು ಖಚಿತವಿಲ್ಲದಿದ್ದರೆ ಟೆಕ್ಸಾಸಿನ ಆರೋಗ್ಯ ಇಲಾಖೆಯ ಜನನ-ಮರಣ ದಾಖಲೆ ವಿಭಾಗಕ್ಕೆ ಬರೆಯಬಹುದು. 1968ರಿಂದ ಈಚಿನ ವಿಚ್ಛೇದನಗಳಿಗೆ ಅದು ದೃಢೀಕರಣ ಪತ್ರ ಕೊಡುತ್ತದೆ. ಯಾರ ವಿಚ್ಛೇದನ, ಯಾವ ದಿನ, ಯಾವ ಕೌಂಟಿ ಎಂಬಷ್ಟು ಅದರಿಂದ ತಿಳಿಯುತ್ತದೆ. ಆದರೆ ಈ ಪತ್ರ ಡಿಕ್ರಿಯಲ್ಲ, ಡಿಕ್ರಿಯ ಬದಲಿಗೆ ನಡೆಯುವುದೂ ಇಲ್ಲ. ಕಡತ ಎಲ್ಲಿದೆ ಎಂದು ಪತ್ತೆಮಾಡಲು ಮಾತ್ರ ಅದನ್ನು ಬಳಸಿಕೊಳ್ಳಿ.

ಕಡತ ಯಾರ ವಶದಲ್ಲಿರುತ್ತದೆ?

ಟೆಕ್ಸಾಸಿನಲ್ಲಿ ಡಿಸ್ಟ್ರಿಕ್ಟ್ ಕ್ಲರ್ಕ್ ಎಂಬ ಚುನಾಯಿತ ಅಧಿಕಾರಿಯ ವಶದಲ್ಲಿ. ಜನಸಂಖ್ಯೆ 8,000ಕ್ಕಿಂತ ಕಡಿಮೆಯಿರುವ ಕೌಂಟಿಗಳಲ್ಲಿ ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಕ್ಲರ್ಕ್ ಮತ್ತು ಕೌಂಟಿ ಕ್ಲರ್ಕ್ ಎರಡೂ ಹುದ್ದೆಗಳನ್ನು ಒಬ್ಬರೇ ನಿರ್ವಹಿಸುತ್ತಾರೆ. 2020ರ ಜನಗಣತಿಯಲ್ಲಿ ಲವಿಂಗ್ ಕೌಂಟಿಯ ಜನಸಂಖ್ಯೆ ಕೇವಲ 64. ನಮ್ಮ ಒಂದು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಿಂತವರನ್ನೂ ಸೇರಿಸಿದರೆ ಅಷ್ಟು ಜನ ಹಿಡಿಸುತ್ತಾರೆ. ಅಲ್ಲೂ ಕೋರ್ಟ್ ಕಟ್ಟಡವಿದೆ, ಕ್ಲರ್ಕ್ ಇದ್ದಾರೆ, ದಾಖಲೆಗಳಿವೆ. ಆದರೆ ನ್ಯಾಯಾಧೀಶರು ಅಲ್ಲಿಗೆ ಮಾತ್ರ ಸೀಮಿತರಲ್ಲ. 143ನೇ ಜುಡಿಷಿಯಲ್ ಡಿಸ್ಟ್ರಿಕ್ಟ್ ಕೋರ್ಟ್ ಲವಿಂಗ್, ರೀವ್ಸ್, ವಾರ್ಡ್ ಮೂರೂ ಕೌಂಟಿಗಳಿಗೆ ಸೇರಿದ್ದು. ಡಿಕ್ರಿಯ ತಲೆಬರಹದಲ್ಲಿ ಕೋರ್ಟಿನ ಸಂಖ್ಯೆಯ ಜೊತೆಗೆ ಕೌಂಟಿಯ ಹೆಸರೂ ಇರುತ್ತದೆ. ಅರ್ಜಿ ಹೋಗಬೇಕಾದ್ದು ಆ ಕೌಂಟಿಯ ಕ್ಲರ್ಕಿಗೆ.

ಬೇರೆ ರಾಜ್ಯಗಳಲ್ಲಿ ಹುದ್ದೆಯ ಹೆಸರು ಬದಲಾಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಪ್ರೊಥೊನೊಟರಿ, ಫ್ಲಾರಿಡಾದಲ್ಲಿ ಸರ್ಕ್ಯೂಟ್ ಕೋರ್ಟ್ ಕ್ಲರ್ಕ್, ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯ ಸುಪೀರಿಯರ್ ಕೋರ್ಟ್, ನ್ಯೂಯಾರ್ಕಿನಲ್ಲಿ ಕೌಂಟಿ ಕ್ಲರ್ಕ್.

ಯಾರು ಕೇಳಬಹುದು?

ಟೆಕ್ಸಾಸಿನಲ್ಲಿ ಕೋರ್ಟ್ ದಾಖಲೆಗಳು ಬಹುಪಾಲು ಸಾರ್ವಜನಿಕ. ಕೋರ್ಟ್ ಮುಚ್ಚಿಡಲು ಆದೇಶಿಸಿರದಿದ್ದರೆ ಯಾರು ಬೇಕಾದರೂ ನಕಲು ಕೇಳಬಹುದು. ವರ ವಿಚ್ಛೇದಿತನೆಂದು ಹೇಳಿಕೊಂಡಿದ್ದರೆ ಅದು ನಿಜವೇ ಎಂದು ಹೆಣ್ಣಿನ ತಂದೆತಾಯಿ ಇಲ್ಲಿಂದಲೇ ಪರಿಶೀಲಿಸಲು ಇದು ಅನುಕೂಲ. ನ್ಯೂಯಾರ್ಕಿನಲ್ಲಿ ಹಾಗಲ್ಲ. ಅಲ್ಲಿ ವಿಚ್ಛೇದನದ ಕಡತವನ್ನು ಕೋರ್ಟಿನ ಆದೇಶವಿಲ್ಲದೆ ಪಕ್ಷಗಾರರು ಮತ್ತು ಅವರ ವಕೀಲರಿಗೆ ಮಾತ್ರ ತೋರಿಸುತ್ತಾರೆ. ಅಂಥ ಕಡೆ ಸಂಬಂಧ ಮಾತಾಡುವ ಮುನ್ನ ವರನಿಂದಲೇ ದೃಢೀಕೃತ ನಕಲು ತರಿಸಿಕೊಳ್ಳುವುದು ಸರಿಯಾದ ದಾರಿ. ಹಣ ಪಡೆದು ದಾಖಲೆ ಹುಡುಕಿಕೊಡುವ ಖಾಸಗಿ ಜಾಲತಾಣಗಳ ವರದಿಗೆ ಕಾನೂನಿನ ಬೆಲೆಯಿಲ್ಲ.

ಹೆಸರಿನ ತೊಡಕು

ನಮ್ಮವರ ಕಡತ ಸಿಗದೆ ಹೋಗಲು ಹೆಸರೇ ದೊಡ್ಡ ಕಾರಣ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುತ್ತವೆ. ಅಮೆರಿಕದ ದಾಖಲೆಯಲ್ಲಿ ಅವೇ ಬಿಡಿಸಿಕೊಂಡು ಕೊನೆಯ ಹೆಸರಾಗಿ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಗೌಡ, ಭಟ್, ಶೆಟ್ಟಿಗಳ ಕಾಗುಣಿತ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಅರ್ಜಿಯಲ್ಲಿ ಎರಡೂ ಕಡೆಯವರ ಹೆಸರಿನ ಎಲ್ಲ ರೂಪಗಳನ್ನೂ, ಮದುವೆಗೆ ಮುಂಚಿನ ಹೆಸರನ್ನೂ ಬರೆಯಿರಿ. ಹಳೆಯ ಸೂಚಿ ಪುಸ್ತಕಗಳಾದರೆ ಗಂಡನ ಹೆಸರಿನಲ್ಲೂ ಹೆಂಡತಿಯ ಹೆಸರಿನಲ್ಲೂ ಹುಡುಕಲು ಕೋರಿ.

ಅರ್ಜಿಯಲ್ಲಿ ಏನಿರಬೇಕು?

ಮೊದಲು ಫೋನು ಮಾಡಿ. ಟೆಕ್ಸಾಸಿನ ಬಹುಭಾಗದಲ್ಲಿ ಚಳಿಗಾಲದ ಬೆಳಿಗ್ಗೆ 9 ಗಂಟೆಯೆಂದರೆ ನಮಗೆ ರಾತ್ರಿ 8.30, ಬೇಸಿಗೆಯಲ್ಲಿ ಸಂಜೆ 7.30. ಸಣ್ಣ ಕಚೇರಿಗಳು ಊಟದ ಹೊತ್ತಿಗೆ ಬಾಗಿಲು ಹಾಕಬಹುದು. ಶುಲ್ಕವನ್ನು ಹೇಗೆ ಕಟ್ಟಬೇಕು, ವಿದೇಶಕ್ಕೆ ಅಂಚೆಯಲ್ಲಿ ಕಳಿಸುತ್ತಾರೆಯೇ ಎಂದು ಕೇಳಿಕೊಳ್ಳಿ. ಕೆಲವು ಕಚೇರಿಗಳಲ್ಲಿ ಮನಿ ಆರ್ಡರ್ ಮಾತ್ರ ನಡೆಯುತ್ತದೆ. ಆಗ ಅಲ್ಲಿರುವ ನೆಂಟರೋ ಸ್ನೇಹಿತರೋ ಕಟ್ಟಿ ಪಡೆಯುವುದು ಸುಲಭ.

ನಂತರ ಪತ್ರದಲ್ಲಿ ಇವಿಷ್ಟನ್ನು ಬರೆಯಿರಿ: ಇಬ್ಬರ ಹೆಸರು, ಡಿಕ್ರಿಯ ದಿನಾಂಕ ಅಥವಾ ಅಂದಾಜು ವರ್ಷ, ಗೊತ್ತಿದ್ದರೆ ಕಾಸ್ ನಂಬರ್ (ಅಲ್ಲಿ ಕೇಸಿನ ಸಂಖ್ಯೆಗೆ ಹೀಗೆನ್ನುತ್ತಾರೆ), ಬೇಕಾದ ದಾಖಲೆಗಳ ಪಟ್ಟಿ, ಎಷ್ಟು ಪ್ರತಿ, ನಿಮ್ಮ ವಿಳಾಸ ಮತ್ತು ಫೋನ್ ಸಂಖ್ಯೆ. ಗುರುತಿನ ಚೀಟಿಯ ನಕಲನ್ನೂ ಲಗತ್ತಿಸಿ. ‘ದೃಢೀಕೃತ ನಕಲು’ ಎಂದೇ ಸ್ಪಷ್ಟವಾಗಿ ಕೇಳಿ. ಸಾದಾ ನಕಲು ಅಗ್ಗ, ಆದರೆ ಕ್ಲರ್ಕಿನ ಸಹಿ-ಮೊಹರಿಲ್ಲದ ಅದು ಓದಿಕೊಳ್ಳಲು ಮಾತ್ರ.

ನಕಲು ಬಂದ ಕೂಡಲೇ ಕೊನೆಯ ಪುಟ ನೋಡಿ. ನ್ಯಾಯಾಧೀಶರ ಸಹಿ, ದಿನಾಂಕ ಇದೆಯೇ? ಅರ್ಜಿ ದಾಖಲಾದ ಮಾತ್ರಕ್ಕೆ ವಿಚ್ಛೇದನವಾಗಿರುವುದಿಲ್ಲ. ಅರ್ಜಿದಾರರೇ ಹಿಂದಕ್ಕೆ ಪಡೆದ, ಕೋರ್ಟ್ ವಜಾ ಮಾಡಿದ ಕೇಸುಗಳಿಗೂ ನಂಬರ್ ಇರುತ್ತದೆ.

ಡಿಕ್ರಿಯೊಂದೇ ಏಕೆ ಸಾಲದು?

ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ವಿದೇಶದ ಕೋರ್ಟ್ ಕೊಟ್ಟ ವಿಚ್ಛೇದನವನ್ನು ಭಾರತದ ಕೋರ್ಟ್ ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ಅಡ್ಡ ಬರುತ್ತದೆ. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 1991ರ ತೀರ್ಪು ದಾರಿದೀಪ. ತಿರುಪತಿಯಲ್ಲಿ ಮದುವೆಯಾದ ಗಂಡ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟಿನಿಂದ ವಿಚ್ಛೇದನ ಪಡೆದು ಮತ್ತೊಂದು ಮದುವೆಯಾದರು. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟರು. ಹೆಂಡತಿ ಆ ಕೋರ್ಟಿಗೆ ಕೊಟ್ಟಿದ್ದ ಉತ್ತರ ಪ್ರತಿಭಟನೆಯ ಉತ್ತರವಾಗಿತ್ತು, ಆ ಕೋರ್ಟಿನ ಅಧಿಕಾರಕ್ಕೆ ಅವರು ಒಪ್ಪಿರಲಿಲ್ಲ. ಆ ಕೋರ್ಟ್ ಆಧರಿಸಿದ, ದಾಂಪತ್ಯ ಮುರಿದುಬಿದ್ದಿದೆ ಎಂಬ ಕಾರಣವೂ ನಮ್ಮ ಕಾಯ್ದೆಯಲ್ಲಿಲ್ಲ. ಸುಪ್ರೀಂ ಕೋರ್ಟ್ ಆ ಡಿಕ್ರಿಯನ್ನು ಮಾನ್ಯ ಮಾಡಲಿಲ್ಲ.

ಎದುರು ಪಕ್ಷದವರು ಆ ದೇಶದಲ್ಲೇ ಕಾಯಂ ನೆಲೆಸಿದ್ದು ಕಾರಣ ನಮ್ಮ ಕಾಯ್ದೆಯಲ್ಲಿರುವಂಥದ್ದಾದರೆ, ಅಥವಾ ಅವರು ಸ್ವಇಚ್ಛೆಯಿಂದ ಹಾಜರಾಗಿ ಅಂಥ ಕಾರಣದ ಮೇಲೆ ಕೇಸು ನಡೆಸಿದ್ದರೆ, ಅಥವಾ ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮಾನ್ಯತೆ ಸಿಗುತ್ತದೆ ಎಂದು ಅದೇ ತೀರ್ಪು ಹೇಳಿತು. ಇವುಗಳಿಗೆ ಸಾಕ್ಷಿ ಡಿಕ್ರಿಯಲ್ಲಿ ಪೂರ್ತಿ ಇರದಿರಬಹುದು, ಕಡತದಲ್ಲಿರುತ್ತದೆ. ಹಾಗಾಗಿ ಮೂಲ ಅರ್ಜಿ, ನೋಟಿಸ್ ಜಾರಿಯಾದ ದಾಖಲೆ ಅಥವಾ ನೋಟಿಸ್ ಬೇಡವೆಂದು ಸಹಿ ಮಾಡಿದ ಪತ್ರ, ಎದುರು ಪಕ್ಷದ ಉತ್ತರ, ಇಬ್ಬರ ಸಹಿಯಿರುವ ಒಪ್ಪಂದ ಇವುಗಳ ದೃಢೀಕೃತ ನಕಲನ್ನೂ ಡಿಕ್ರಿಯ ಜೊತೆಗೇ ಕೇಳಿ. ಡಿಕ್ರಿಯನ್ನು ಪ್ರಶ್ನಿಸಬೇಕಾದ ಹೆಣ್ಣುಮಕ್ಕಳಿಗೂ ಇದೇ ಹಾಳೆಗಳು ಬಲ ಕೊಡುತ್ತವೆ. ನೋಟಿಸನ್ನು ಯಾವ ವಿಳಾಸಕ್ಕೆ ಕಳಿಸಿದ್ದರು ಎಂಬುದು ಅಲ್ಲೇ ಬಯಲಾಗುತ್ತದೆ.

ಮೊಹರಿನ ಮೇಲೆ ಮೊಹರು

ಅದೇ ಪ್ರಕರಣದಲ್ಲಿ ಮತ್ತೊಂದು ಪಾಠವಿದೆ. ಗಂಡ ತಂದಿದ್ದ ನಕಲಿಗೆ ಮಿಸೌರಿಯ ಡೆಪ್ಯುಟಿ ಕ್ಲರ್ಕಿನ ದೃಢೀಕರಣ ಇತ್ತು. ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇರಲಿಲ್ಲ. ಆ ಕಾರಣಕ್ಕೆ ನಕಲು ಸಾಕ್ಷ್ಯವಾಗಿ ನಿಲ್ಲಲಿಲ್ಲ. ಈ ದೃಢೀಕರಣ ಕೇಳುವ ಅಂದಿನ ಸಾಕ್ಷ್ಯ ಕಾಯ್ದೆಯ 86ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 88ನೇ ಕಲಂ ಆಗಿದೆ.

ವಿದೇಶಿ ದಾಖಲೆಯನ್ನು ಒಂದೇ ಪ್ರಮಾಣಪತ್ರದ ಮೇಲೆ ಒಪ್ಪುವ ಅಪಾಸ್ಟಿಲ್ ಒಪ್ಪಂದ ಭಾರತಕ್ಕೆ 2005ರಲ್ಲಿ ಜಾರಿಯಾದ ಮೇಲೆ ಕಚೇರಿ ಕೆಲಸಗಳಿಗೆ ದಾರಿ ಸುಲಭವಾಗಿದೆ. ಟೆಕ್ಸಾಸಿನ ದಾಖಲೆಗೆ ಆಸ್ಟಿನ್‌ನಲ್ಲಿರುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಅಪಾಸ್ಟಿಲ್ ಹಚ್ಚಿಕೊಡುತ್ತದೆ. ಅರ್ಜಿಯಲ್ಲಿ ದೇಶ ಭಾರತ ಎಂದು ನಮೂದಿಸಬೇಕು. ಅಪಾಸ್ಟಿಲ್ ಸಾಬೀತು ಮಾಡುವುದು ಸಹಿ-ಮೊಹರು ನಿಜವೆಂದಷ್ಟೇ, ಒಳಗಿನ ವಿಷಯ ಸರಿಯೆಂದಲ್ಲ. ಜೆರಾಕ್ಸ್ ಮಾಡಿಸಲೆಂದು ಅದರ ಪಿನ್ನು ಬಿಚ್ಚಬೇಡಿ, ಬಿಚ್ಚಿದರೆ ದಾಖಲೆಯನ್ನೇ ತಿರಸ್ಕರಿಸಬಹುದು. ವಿಷಯ ಕೋರ್ಟಿಗೆ ಹೋಗುವುದಾದರೆ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟಿನ ದೃಢೀಕರಣವೂ ಬೇಕೇ ಎಂದು ಇಲ್ಲಿನ ವಕೀಲರನ್ನು ಮೊದಲೇ ಕೇಳಿ.

ಮಾನ್ಯತೆಯಿಲ್ಲದ ಡಿಕ್ರಿಯನ್ನು ನಂಬಿ ಮರುಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಸಜೆಯಾಗುವ ಅಪಾಯವಿದೆ. ಅಮೆರಿಕದಲ್ಲಿರುವಾಗಲೇ ಡಿಕ್ರಿ ಮತ್ತು ಮುಖ್ಯ ಹಾಳೆಗಳ ಎರಡು ಮೂರು ದೃಢೀಕೃತ ಪ್ರತಿ ಪಡೆದು, ಒಂದಕ್ಕೆ ಅಪಾಸ್ಟಿಲ್ ಹಾಕಿಸಿ ಇಟ್ಟುಕೊಳ್ಳಿ. ಇಲ್ಲಿನ ಕೋರ್ಟಿನಲ್ಲಿ ಹೋರಾಡಬೇಕಾದ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.