ಬಸುರಿ ಬೆಕ್ಕಿನ ಹದಿನೇಳು ವಾರ

ಬೀದಿಯಿಂದ ಎತ್ತಿ ತಂದ ಎಳೆಯ ಬೆಕ್ಕಿನ ಹೊಟ್ಟೆ ತುಸು ಉಬ್ಬಿಕೊಂಡಂತೆ ಕಾಣುತ್ತದೆ. ಬಸುರಿಯೋ ಅಲ್ಲವೋ ಯಾರಿಗೂ ಖಚಿತವಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನ ಮನೆಗಳಲ್ಲಿ ದುಡ್ಡು ಮೊದಲು ಹೋಗುವುದು ಬುಟ್ಟಿ, ಹಾಸಿಗೆ, ಹಾಲಿನ ಪ್ಯಾಕೆಟ್ಟುಗಳಿಗೆ. ಪಶುವೈದ್ಯರ ಶುಲ್ಕ ಮಾತ್ರ ‘ಇನ್ನೆರಡು ವಾರ ನೋಡೋಣ’ ಎಂಬ ಮಾತಿನ ಹಿಂದೆ ಉಳಿದುಬಿಡುತ್ತದೆ. ಈ ಕ್ರಮ ತಿರುಗಬೇಕು ಎನ್ನುವುದು ನನ್ನ ವಾದ. ಮನೆಗೆ ಬಂದ ಬೆಕ್ಕಿನ ಮೇಲೆ ಹಾಕುವ ಮೊದಲ ರೂಪಾಯಿ ತಪಾಸಣೆಗೆ ಹೋಗಬೇಕು. ತಿಳಿಯದೆ ಕಳೆದ ಒಂದೊಂದು ವಾರವೂ ನಮ್ಮ ಮುಂದಿರುವ ಆಯ್ಕೆಗಳನ್ನು ಕಡಿಮೆ ಮಾಡುತ್ತದೆ, ಬರಲಿರುವ ಬಿಲ್ಲನ್ನು ಹಿಗ್ಗಿಸುತ್ತದೆ.

ಅವಸರ ಏಕೆಂದರೆ ಬೆಕ್ಕಿನ ದೇಹ ಬಹಳ ಬೇಗ ಓಡುತ್ತದೆ. ಇನ್ನೂ ಮರಿಯೆಂದೇ ನಾವು ಭಾವಿಸುವ ನಾಲ್ಕೈದು ತಿಂಗಳಿಗೇ ಹೆಣ್ಣುಬೆಕ್ಕು ಬೆದೆಗೆ ಬರಬಹುದು. ಬಸಿರಿನ ಅವಧಿ ಹೆಚ್ಚುಕಡಿಮೆ 63 ದಿನ, ಅಂದರೆ ಒಂಬತ್ತು ವಾರ. ಹಗಲು ದೀರ್ಘವಾಗಿರುವ ಕಾಲದಲ್ಲಿ ಬೆಕ್ಕುಗಳು ಬೆದೆಗೆ ಬರುತ್ತವೆ; ನಮ್ಮ ಕಡೆ ಹಗಲಿನ ಉದ್ದ ಅಷ್ಟೇನೂ ಕುಗ್ಗದಿರುವುದರಿಂದ ವರ್ಷದ ಯಾವ ತಿಂಗಳನ್ನೂ ಸುರಕ್ಷಿತ ಎನ್ನುವಂತಿಲ್ಲ. ಇನ್ನು ಹೊಟ್ಟೆಯ ಗಾತ್ರವನ್ನು ನಂಬಿ ಕೂರುವುದೂ ಸರಿಯಲ್ಲ. ಜಂತುಹುಳು ತುಂಬಿದ ಬೀದಿ ಮರಿಯ ಹೊಟ್ಟೆಯೂ ಉಬ್ಬಿರುತ್ತದೆ, ಕಾಯಿಲೆಯಿಂದ ನೀರು ತುಂಬಿದರೂ ಉಬ್ಬುತ್ತದೆ. ಮೂರು ವಾರದ ಹೊತ್ತಿಗೆ ಮೊಲೆತೊಟ್ಟುಗಳು ದಪ್ಪಗಾಗಿ ಗುಲಾಬಿ ಬಣ್ಣಕ್ಕೆ ತಿರುಗುವುದು ಒಳ್ಳೆಯ ಸುಳಿವು. ಅದೇ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಮರಿಗಳ ಎದೆಬಡಿತ ಕಾಣಿಸುತ್ತದೆ. ಎಷ್ಟು ಮರಿಗಳಿವೆ ಎಂದು ಎಣಿಸಲು ಎಕ್ಸ್‌ರೇ ಬೇಕು, ಅದು ಮೂಳೆ ಗಟ್ಟಿಯಾಗುವ 45ನೇ ದಿನದ ನಂತರದ ಮಾತು. ನಮಗೆ ಮೊದಲು ಬೇಕಾದದ್ದು ಹೌದೋ ಅಲ್ಲವೋ ಎಂಬ ಉತ್ತರ ಮತ್ತು ಒಂದು ಅಂದಾಜು ತಾರೀಖು. ಅವೆರಡೂ ಸ್ಕ್ಯಾನಿಂಗ್‌ನಲ್ಲೇ ಸಿಗುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಶುಲ್ಕ ಊರಿಂದೂರಿಗೆ ಬೇರೆಯಾಗುವುದರಿಂದ ರೂಪಾಯಿಯ ಬದಲು ಎಣಿಕೆ ಕೊಡುತ್ತೇನೆ. ನಿಮ್ಮೂರಿನ ದರವನ್ನು ನೀವೇ ಗುಣಿಸಿಕೊಳ್ಳಿ. ಬಸಿರಿನ ಒಂಬತ್ತು ವಾರಕ್ಕೆ ಮರಿಗಳು ತಾಯಿಯ ಹಾಲು ಬಿಡುವವರೆಗಿನ ಎಂಟು ವಾರ ಕೂಡಿದರೆ 17 ವಾರ. ಮೂರು ಕಿಲೋ ತೂಗುವ ಬೆಕ್ಕು ದಿನಕ್ಕೆ ಸುಮಾರು 50 ಗ್ರಾಂ ಒಣ ಆಹಾರ ತಿನ್ನುತ್ತದೆ, 17 ವಾರಕ್ಕೆ ಆರು ಕಿಲೋ. ಬಸಿರಿನ ಕೊನೆಗೆ ಅದೇ ಬೆಕ್ಕಿಗೆ ಒಂದೂವರೆ ಪಟ್ಟಿನ ಹತ್ತಿರ ಬೇಕಾಗುತ್ತದೆ, ಹಾಲೂಡಿಸುವಾಗ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು. ಸಾಮಾನ್ಯವಾಗಿ ಹುಟ್ಟುವ ನಾಲ್ಕು ಮರಿಗಳು ಐದನೇ ವಾರದಿಂದ ತಾವೂ ತಿನ್ನತೊಡಗುತ್ತವೆ. ಎಲ್ಲ ಸೇರಿ 14 ಕಿಲೋ ದಾಟುತ್ತದೆ. ಆದರೂ ಆಹಾರವೇ ಇದರಲ್ಲಿ ಚಿಕ್ಕ ಬಾಬ್ತು. ಪ್ರತಿ ಮರಿಗೆ ಕನಿಷ್ಠ ಎರಡು ಸುತ್ತಿನ ಲಸಿಕೆ ಮತ್ತು ಒಂದು ರೇಬೀಸ್ ಚುಚ್ಚುಮದ್ದು ಎಂದರೂ ನಾಲ್ಕಕ್ಕೆ 12 ಚುಚ್ಚುಮದ್ದು. ಜಂತುಹುಳುವಿನ ಔಷಧಿ ಬೇರೆ. ಕೊನೆಯಲ್ಲಿ ತಾಯಿಯದೂ ಸೇರಿ ಐದು ಸಂತಾನಹರಣ ಆಪರೇಷನ್. ಗಂಡುಮರಿಗಳದ್ದಕ್ಕೆ ಖರ್ಚು ಕಡಿಮೆ, ನಿಜ. ಆದರೂ ಸಕಾಲದಲ್ಲಿ ಒಂದರಲ್ಲಿ ಮುಗಿಯಬಹುದಾಗಿದ್ದ ಕೆಲಸ ಐದಾಯಿತು. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲದು. ಆಗ ಇಷ್ಟೂ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ಉತ್ತರ ತಿಳಿಯದೆ ಮಾಡುವ ಖರ್ಚು ಕೆಲವೊಮ್ಮೆ ಹಾನಿಯನ್ನೇ ಕೊಂಡು ತರುತ್ತದೆ. ಬಸಿರಿನಲ್ಲಿ ಜೀವಂತ ವೈರಾಣುವಿನ ಲಸಿಕೆ ಕೊಟ್ಟರೆ ಮರಿಗಳ ಕಿರುಮೆದುಳಿಗೆ ಪೆಟ್ಟಾಗಿ ಅವು ಹುಟ್ಟಿನಿಂದಲೇ ತೂರಾಡಬಹುದು. ಬೀದಿ ಬೆಕ್ಕುಗಳಿಗೆ ಮಾಮೂಲಾದ ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫುಲ್ವಿನ್ ಮಾತ್ರೆ ಗರ್ಭದ ಮರಿಗಳನ್ನು ಅಂಗವಿಕಲಗೊಳಿಸುತ್ತದೆ. ಒಳ್ಳೆಯದೆಂದು ನಂಬಿ ಬಸಿರಿನುದ್ದಕ್ಕೂ ಕುಡಿಸುವ ಕ್ಯಾಲ್ಸಿಯಂ ಸಿರಪ್ಪು ದೇಹದ ಸ್ವಂತ ಹೊಂದಾಣಿಕೆಯನ್ನು ಕೆಡಿಸಿ, ಹಾಲೂಡಿಸುವಾಗ ನಡುಕ ಸೆಳೆತಗಳಿಗೆ ದಾರಿ ಮಾಡಬಹುದು. ಹಸುವಿನ ಹಾಲು ಅನೇಕ ಬೆಕ್ಕುಗಳಿಗೆ ಭೇದಿ ತರುತ್ತದೆ. ಬರೀ ಹಾಲು ಅನ್ನದಲ್ಲಿ ಬೆಕ್ಕಿಗೆ ಅತ್ಯಗತ್ಯವಾದ ಟಾರಿನ್ ಸಾಲದು; ಅದರ ಕೊರತೆ ಕಣ್ಣು ಮತ್ತು ಹೃದಯವನ್ನು ಕೆಡಿಸುತ್ತದೆ, ಬಸಿರನ್ನೂ ನಿಲ್ಲಗೊಡುವುದಿಲ್ಲ. ಬಸುರಿ ಎಂದು ಖಚಿತವಾದರೆ ದುಡ್ಡು ಹೋಗಬೇಕಾದ ಕಡೆ ಸ್ಪಷ್ಟವಿದೆ: ಬೆಳೆಯುವ ಮರಿಗಳಿಗೆಂದೇ ತಯಾರಿಸುವ ಆಹಾರ ಮತ್ತು ಕಷ್ಟದ ಹೆರಿಗೆಗಾಗಿ ಎತ್ತಿಟ್ಟ ಒಂದು ಮೊತ್ತ. ರಾತ್ರಿಯ ಸಿಸೇರಿಯನ್ನಿಗೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ, ಅಷ್ಟನ್ನು ಮುಟ್ಟದೆ ಇಡಿ. ಹಾಸಿಗೆಗೆ ರಟ್ಟಿನ ಪೆಟ್ಟಿಗೆ, ಹಳೆಯ ಹತ್ತಿ ಸೀರೆಯ ತುಂಡು ಸಾಕು.

‘ಅಜ್ಜಿಯ ಕಾಲದಲ್ಲಿ ಬೆಕ್ಕು ಅಟ್ಟದಲ್ಲಿ ತಾನೇ ಮರಿ ಹಾಕುತ್ತಿರಲಿಲ್ಲವೇ, ಮರಿಗಳಿಗೆ ಏಳು ಮನೆ ತೋರಿಸುತ್ತಿರಲಿಲ್ಲವೇ’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹೆಚ್ಚಿನ ಹೆರಿಗೆಗಳಿಗೆ ಯಾರ ನೆರವೂ ಬೇಡ, ಅದಕ್ಕೇ ನಾನು ರಟ್ಟಿನ ಪೆಟ್ಟಿಗೆ ಸಾಕೆಂದೆ. ಆದರೆ ಆ ಏಳು ಮನೆ ತಿರುಗಿದ ಮೇಲೆ ಎಷ್ಟು ಮರಿ ಉಳಿದವೆಂದು ಯಾರೂ ಎಣಿಸಲಿಲ್ಲ. ಖರ್ಚನ್ನು ಮರಿಗಳೇ ಪ್ರಾಣದಿಂದ ತೆತ್ತಾಗ ನಮ್ಮ ಪುಸ್ತಕದಲ್ಲಿ ಸೊನ್ನೆ ಕಂಡಿತು. ‘ಒಂದು ಸಲವಾದರೂ ತಾಯಿಯಾದರೆ ಆರೋಗ್ಯಕ್ಕೆ ಒಳ್ಳೆಯದು’ ಎಂಬ ನಂಬಿಕೆಗಂತೂ ಆಧಾರವಿಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಶೇ. 91ರಷ್ಟು ಕಡಿಮೆ, ಒಂದು ವರ್ಷದೊಳಗಾದರೆ ಶೇ. 86.

ಕಠಿಣ ಪ್ರಶ್ನೆ ಬೇರೆಯೇ ಇದೆ. ಬಸಿರು ಖಚಿತವಾದ ಮೇಲೂ ಆಪರೇಷನ್ ಸಾಧ್ಯ. ಆದರೆ ಮರಿಗಳು ಉಳಿಯುವುದಿಲ್ಲ. ಇದು ತಪ್ಪೆನ್ನುವವರ ಮನಸ್ಸನ್ನು ಅಂಕಿಗಳಿಂದ ಗೆಲ್ಲಲು ನಾನು ಹೊರಟಿಲ್ಲ. ತಾಯಿಯೇ ಇನ್ನೂ ಮರಿ, ಬಡಕಲು ಮೈ ಎಂದಾಗ ವೈದ್ಯರು ಹಾಗೆ ಸೂಚಿಸಬಹುದು. ಒಪ್ಪುವುದು ಬಿಡುವುದು ಸಾಕುವವರ ಅಂತಃಕರಣಕ್ಕೆ ಬಿಟ್ಟದ್ದು. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಈ ನಿರ್ಧಾರ ತಡವಾದಷ್ಟೂ ಶಸ್ತ್ರಚಿಕಿತ್ಸೆ ದೊಡ್ಡದು, ರಕ್ತ ಹೋಗುವ ಭಯ ಹೆಚ್ಚು. ಮರಿಗಳು ಬರಲಿ ಎಂದರೆ ಆ 17 ವಾರಗಳ ಪಟ್ಟಿಯನ್ನು ಸಂತೋಷದಿಂದ ಹೊತ್ತುಕೊಳ್ಳೋಣ. ಎರಡೂ ದಾರಿಗಳಿಗೆ ನನ್ನ ಗೌರವವಿದೆ. ಏನನ್ನೂ ನಿರ್ಧರಿಸದೆ ದಿನ ತಳ್ಳಿ, ಕೊನೆಗೆ ತಾಯಿಯನ್ನೂ ಮರಿಗಳನ್ನೂ ಮಾರುಕಟ್ಟೆಯ ಬಳಿ ಬಿಟ್ಟುಬರುವುದನ್ನು ಒಪ್ಪಲಾರೆ. ಹಸಿದು ಸಾಯುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ.

‘ಮರಿಗಳನ್ನು ಯಾರಿಗಾದರೂ ಕೊಟ್ಟರಾಯಿತು’ ಎಂದರೆ ಖರ್ಚು ಕೈ ಬದಲಿಸಿತು ಅಷ್ಟೇ. ಆಪರೇಷನ್ ಆಗದ ಹೆಣ್ಣುಮರಿ ಹೋದ ಮನೆಯಲ್ಲಿ ಆರು ತಿಂಗಳಿಗೆ ಇದೇ ಪ್ರಶ್ನೆ ಎದ್ದು ನಿಲ್ಲುತ್ತದೆ. ‘ನಮ್ಮ ಸಂಬಳಕ್ಕೆ ಇದೆಲ್ಲ ಎಟುಕದು’ ಎಂಬ ಮಾತಿಗೆ ಹೆಚ್ಚು ತೂಕವಿದೆ. ಹಾಗಿರುವಾಗ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ, ಹೆಬ್ಬಾಳ, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಮೊದಲು ವಿಚಾರಿಸಬೇಕು. ಖಾಸಗಿ ಕ್ಲಿನಿಕ್ಕಿಗಿಂತ ಅಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಬೆಕ್ಕಿಗೆ ಅನ್ನ ಹಾಕುವ ಮನೆ ಬೀದಿಯಲ್ಲಿ ಒಂದೇ ಇರುವುದೂ ಅಪರೂಪ. ನಾಲ್ಕು ಮನೆಯವರು ವಂತಿಗೆ ಎತ್ತಿದರೆ ಒಂದು ತಪಾಸಣೆ, ಒಂದು ಆಪರೇಷನ್ ಯಾರಿಗೂ ಭಾರವಲ್ಲ. ಐದು ಆಪರೇಷನ್ನಿಗೆ ವಂತಿಗೆ ಕೂಡಿಸುವುದು ಕಷ್ಟ, ಬೇಗ ಹೋಗಬೇಕೆನ್ನಲು ಇದೂ ಒಂದು ಕಾರಣ.

ತಪಾಸಣೆ ಮುಗಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಸುರಿಯಲ್ಲವೆಂದರೆ ಆಪರೇಷನ್ನಿನ ಒಂದೇ ತಾರೀಖು. ಬಸುರಿಯಾಗಿದ್ದು ಮರಿಗಳನ್ನು ಉಳಿಸಿಕೊಳ್ಳುವುದಾದರೆ ಮೂರು ತಾರೀಖು: ಹೆರಿಗೆಯದು, ಮರಿಗಳ ಮೊದಲ ಲಸಿಕೆಯದು, ಹಾಲು ಬತ್ತಿದ ಮೇಲೆ ತಾಯಿಯ ಆಪರೇಷನ್ನಿನದು. ಆ ಮೂರನೆಯ ದಿನ ಬರುವವರೆಗೆ ಬಾಗಿಲು ಹಾಕಿ, ಅವಳನ್ನು ಮನೆಯೊಳಗೇ ಇಟ್ಟುಕೊಳ್ಳಿ.