ಒಂದೇ ಚಳಿಜ್ವರ, ಬೇರೆ ಬೇರೆ ರಕ್ತ



ಎಲೆತುಕ್ಕು ರೋಗ ಬಂದ ವರ್ಷ ಅರೇಬಿಕಾ ಗಿಡ ಎಲೆ ಉದುರಿಸಿ ಸೊರಗುತ್ತದೆ. ಪಕ್ಕದ ರೊಬಸ್ಟಾ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ರೋಗ ಒಂದೇ, ಗಿಡದ ಹುಟ್ಟುಗುಣ ಬೇರೆ. ಮನುಷ್ಯರಲ್ಲಿಯೂ ಹೀಗೆಯೇ. ಒಂದೇ ಮಲೇರಿಯಾ ಒಬ್ಬನನ್ನು ನಾಲ್ಕು ದಿನ ಮಲಗಿಸಿ ಬಿಡುತ್ತದೆ. ಇನ್ನೊಬ್ಬನ ಪ್ರಾಣಕ್ಕೇ ಎರವಾಗುತ್ತದೆ. ಇದಕ್ಕೆ ಒಂದು ಕಾರಣ ವಂಶಪಾರಂಪರ್ಯವಾಗಿ ಬರುವ ಕುಡುಗೋಲು ರಕ್ತಕಣ, ಅಂದರೆ ಸಿಕಲ್ ಸೆಲ್.

ಸಾಮಾನ್ಯ ಕೆಂಪು ರಕ್ತಕಣ ದುಂಡಗಿದ್ದು ಸುಮಾರು 120 ದಿನ ಬಾಳುತ್ತದೆ. ಸಿಕಲ್ ಸೆಲ್ ರೋಗಿಯ ಕಣ ಕುಡುಗೋಲಿನಂತೆ ಬಾಗಿ 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು, ಬೆನ್ನು, ಎದೆಗಳಲ್ಲಿ ತಡೆಯಲಾರದ ನೋವು ತರುತ್ತದೆ.

ಈ ಗುಣದ ವಂಶವಾಹಿ ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಅವನು ವಾಹಕ. ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯವಂತ. ಇಬ್ಬರಿಂದಲೂ ಬಂದಿದ್ದರೆ ರೋಗಿ. ವಾಹಕ ದಂಪತಿಗಳ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಸೋಜಿಗವೆಂದರೆ ವಾಹಕನಿಗೆ ಈ ಗುಣವೇ ರಕ್ಷಣೆ. ವಾಹಕರನ್ನು ಮಲೇರಿಯಾ ಕಡಿಮೆ ಕಾಡುತ್ತದೆಂದು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ತೋರಿಸಿದರು. ಫಾಲ್ಸಿಪಾರಂ ಮಲೇರಿಯಾ ವಿಷಮಿಸುವ ಸಂಭವ ವಾಹಕರಲ್ಲಿ ಸುಮಾರು ಶೇಕಡಾ 90ರಷ್ಟು ಕಡಿಮೆ. ಮಲೇರಿಯಾ ಸೀಮೆಗಳಲ್ಲಿ ಈ ಗುಣ ಉಳಿದುಬಂದದ್ದು ಇದರಿಂದಲೇ. ರೋಗಿಯ ಪಾಡು ಇದಕ್ಕೆ ತದ್ವಿರುದ್ಧ. ಅವನ ಮೈಯಲ್ಲಿ ರಕ್ತ ಮೊದಲೇ ಕಡಿಮೆ. ಮಲೇರಿಯಾ ತಗುಲಿದರೆ ಇದ್ದ ರಕ್ತವೂ ಒಡೆದು, ರಕ್ತಹೀನತೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಮುಟ್ಟಬಹುದು.

ಭಾರತದಲ್ಲಿ ಈ ಗುಣ ಮೊದಲು ಗೊತ್ತಾದದ್ದು 1952ರಲ್ಲಿ, ನೆರೆಯ ನೀಲಗಿರಿಯ ಗುಡ್ಡಗಾಡು ಜನರಲ್ಲಿ. ವಯನಾಡು, ಕೊಡಗು, ಮೈಸೂರು, ಚಾಮರಾಜನಗರಗಳ ಆದಿವಾಸಿಗಳಲ್ಲಿಯೂ, ಒಡಿಶಾ, ಛತ್ತೀಸ್‌ಗಢಗಳಲ್ಲಿಯೂ ಇದೆ. ನಮ್ಮಲ್ಲಿ ಮಲೇರಿಯಾ ಬಹಳ ಇಳಿದಿದ್ದರೂ ಆ ರಾಜ್ಯಗಳ ಕಾಡುಸೀಮೆಗಳಲ್ಲಿ ಇನ್ನೂ ಉಳಿದಿದೆ. ಅಲ್ಲಿಂದ ಕೆಲಸಕ್ಕೆ ಬರುವವರೊಡನೆ ಅದು ನಮ್ಮ ಲೈನುಮನೆಗೂ ಬರಬಹುದು.

ಆದುದರಿಂದ ಬೆಳೆಗಾರರು ಗಮನಿಸಬೇಕಾದದ್ದು:

1. ಜ್ವರ ಬಂದ ಕಾರ್ಮಿಕನಿಗೆ ಅಂಗಡಿ ಮಾತ್ರೆ ಕೊಟ್ಟು ಕಾಯಬೇಡಿ. ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ.

2. ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಮೈ ಬಿಳಿಚುವುದು, ಏದುಸಿರು, ಮಂಪರು ಇವುಗಳಲ್ಲಿ ಒಂದು ಕಂಡರೂ ದೊಡ್ಡ ಆಸ್ಪತ್ರೆಗೆ ಸಾಗಿಸಿ.

3. ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. 40 ವರ್ಷದವರೆಗಿನವರ ತಪಾಸಣೆ ಅದರ ಗುರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಪರೀಕ್ಷೆಗೆ ಹೋದ ದಿನದ ಕೂಲಿ ಹಿಡಿಯದಿರಿ.

4. ರೋಗವುಳ್ಳವರಿಗೆ ಸೊಳ್ಳೆಪರದೆ, ಚಳಿಗೆ ಹೊದಿಕೆ, ಕೆಲಸದ ನಡುವೆ ಕುಡಿಯುವ ನೀರು ಅತ್ಯವಶ್ಯ.

5. ಫಲಿತಾಂಶ ನೋಡಿ ಯಾರನ್ನೂ ಕೆಲಸದಿಂದ ಬಿಡಿಸಬಾರದು. ವಾಹಕನು ಎಲ್ಲರಂತೆ ದುಡಿಯಬಲ್ಲ.

ಹಣ್ಣು ಕೊಯ್ಯುವ ಕಾಲದಲ್ಲಿ ಕೈಕಾಲು ನೋವೆಂದು ಕುಳಿತ ಹುಡುಗನೊಬ್ಬನನ್ನು ನಾನೂ ಮೈಗಳ್ಳನೆಂದು ಗದರಿಸಿದ್ದುಂಟು. ಅವನ ರಕ್ತದಲ್ಲಿ ಏನಿತ್ತೆಂದು ನಾನು ವಿಚಾರಿಸಲೇ ಇಲ್ಲ. ತಾವಾದರೂ ಗದರಿಸುವ ಮೊದಲು ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇನೆ.

– ಕಾರ್ಯದರ್ಶಿ